ಕಿಣ್ವದ ಮಾತ್ರೆ ನುಂಗುವ ಮುನ್ನ ಲೇಬಲ್ ತಿರುಗಿಸಿ ನೋಡಿ

ಊಟ ಮುಗಿಸಿ, ಹೊಟ್ಟೆ ಉಬ್ಬಿದ ಮೇಲೆ ಕಿಣ್ವದ (ಆಹಾರವನ್ನು ಒಡೆಯುವ ಎಂಜೈಮ್) ಮಾತ್ರೆ ಬಾಯಿಗೆ ಹಾಕಿಕೊಳ್ಳುವುದು ಹಲವರ ರೂಢಿ. ಅಲ್ಲೇ ಎರಡು ತಪ್ಪು. ಒಡೆಯಬೇಕಾದ ಆಹಾರ ಆಗಲೇ ಮುಂದೆ ಸಾಗಿರುತ್ತದೆ, ಮಾತ್ರೆ ತಡವಾಯಿತು. ಉಬ್ಬರಕ್ಕೆ ಕಾರಣವಾದ ಪದಾರ್ಥ ಯಾವುದೆಂದು ತಿಳಿಯದೆ ನುಂಗಿದ ಕಿಣ್ವಕ್ಕೆ ಹೊಟ್ಟೆಯೊಳಗೆ ಕೆಲಸವೇ ಇಲ್ಲದಿರಬಹುದು, ಅದು ಎರಡನೆಯದು. ಒಂದೊಂದು ಕಿಣ್ವ ಆಹಾರದ ಅಣುವಿನೊಳಗಿನ ಒಂದೊಂದು ಬಗೆಯ ಕೊಂಡಿಯನ್ನಷ್ಟೇ ಕತ್ತರಿಸುತ್ತದೆ. ಹಾಲಿನ ಸಕ್ಕರೆ ಒಡೆಯುವ ಕಿಣ್ವ ಬೀನ್ಸಿನ ಸಕ್ಕರೆಯನ್ನು ಮುಟ್ಟುವುದಿಲ್ಲ.

ನಿಜವಾಗಿ ಉಪಯೋಗಕ್ಕೆ ಬರುವ ಕಿಣ್ವಗಳಲ್ಲಿ ಮೊದಲ ಸ್ಥಾನ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಅನ್ನು ಒಡೆಯುವ ಲ್ಯಾಕ್ಟೇಸ್‌ಗೆ. 250 ಮಿ.ಲೀ. ಹಾಲಿನಲ್ಲಿ ಸುಮಾರು 12 ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ಸಣ್ಣ ಕರುಳಿನಲ್ಲಿ ಅದು ಒಡೆಯದಿದ್ದರೆ ನೀರನ್ನು ತನ್ನತ್ತ ಎಳೆದುಕೊಂಡು ಭೇದಿ ಮಾಡಿಸುತ್ತದೆ. ದೊಡ್ಡ ಕರುಳಿಗೆ ಇಳಿದದ್ದನ್ನು ಬ್ಯಾಕ್ಟೀರಿಯಾಗಳು ತಿಂದು ಹೈಡ್ರೋಜನ್, ಕಾರ್ಬನ್ ಡೈಆಕ್ಸೈಡ್ ಬಿಡುತ್ತವೆ. ಹೊಟ್ಟೆಯ ಗುಡುಗುಡು ಸದ್ದು ಈ ನೀರು ಮತ್ತು ಗಾಳಿಯದೇ.

ನಿಮ್ಮ ತೊಂದರೆ ಲ್ಯಾಕ್ಟೋಸ್‌ನದೇ ಎಂದು ನೋಡಲು ಮೂರು ಬೆಳಗ್ಗೆ ಸಾಕು, ನಡುವೆ ಎರಡೆರಡು ದಿನ ಬಿಡುವಿರಲಿ. ಒಂದು ದಿನ ಬರಿಹೊಟ್ಟೆಗೆ 250 ಮಿ.ಲೀ. ಮಾಮೂಲಿ ಹಾಲು, ಇನ್ನೊಂದು ದಿನ ಅಷ್ಟೇ ಪ್ರಮಾಣದ ಲ್ಯಾಕ್ಟೋಸ್ ರಹಿತ ಹಾಲು, ಮೂರನೆಯ ದಿನ ಮಾಮೂಲಿ ಹಾಲಿನ ಮೊದಲ ಗುಟುಕಿನ ಜೊತೆ 9,000 ಯುನಿಟ್ (ಕಿಣ್ವದ ಶಕ್ತಿಯ ಅಳತೆ) ಲ್ಯಾಕ್ಟೇಸ್. ಪ್ರತಿ ಸಲ ನಾಲ್ಕು ಗಂಟೆ ಬೇರೇನೂ ತಿನ್ನದೆ, ಏನಾಯಿತು, ಎಷ್ಟು ಹೊತ್ತಿಗೆ ಎಂದು ಬರೆದಿಡಿ. ಲ್ಯಾಕ್ಟೋಸ್ ಇಲ್ಲದ ಹಾಲೂ ಉಬ್ಬಿಸಿದರೆ ತಪ್ಪು ಲ್ಯಾಕ್ಟೋಸ್‌ನದಲ್ಲ, ಆ ಮಾತ್ರೆಗೆ ದುಡ್ಡು ಸುರಿಯಬೇಡಿ. (ಹಾಲಿನ ಪ್ರೋಟೀನಿನ ಅಲರ್ಜಿ ಇರುವವರು ಈ ಪ್ರಯೋಗಕ್ಕೆ ಕೈಹಾಕಲೇಬಾರದು. ಅದು ಬೇರೆಯೇ ಕಾಯಿಲೆ, ಲ್ಯಾಕ್ಟೇಸ್ ಅದಕ್ಕೆ ಏನೂ ಮಾಡದು.) ನಿಧಾನವಾಗಿ ಊಟ ಮಾಡುವವರಿಗೆ ಒಂದು ಮಾತ್ರೆ ಕೊನೆಯವರೆಗೆ ಬರುವುದಿಲ್ಲ. ಮುಕ್ಕಾಲು ಗಂಟೆ ಕಳೆದೂ ಹಾಲಿನ ಪದಾರ್ಥ ತಿನ್ನುತ್ತಿದ್ದರೆ ಇನ್ನೊಂದು ಬೇಕಾಗುತ್ತದೆ.

ಲ್ಯಾಕ್ಟೇಸ್ ಹನಿಗಳೂ ಸಿಗುತ್ತವೆ. ತಣ್ಣಗಿನ ಹಾಲಿಗೆ ಹಾಕಿ ಫ್ರಿಜ್‌ನಲ್ಲಿ 24 ಗಂಟೆ ಇಟ್ಟು ರುಚಿ ನೋಡಿ: ಹಾಲು ಸಿಹಿಯಾಗಿರುತ್ತದೆ. ಲ್ಯಾಕ್ಟೋಸ್ ಒಡೆದು ಗ್ಲೂಕೋಸ್, ಗ್ಯಾಲಕ್ಟೋಸ್ ಆಗಿರುವುದಕ್ಕೆ ನಾಲಿಗೆಯೇ ಸಾಕ್ಷಿ. ಬಿಸಿ ಹಾಲಿಗೆ ಹಾಕಿದರೆ ಕಿಣ್ವ ಕೆಟ್ಟು ಹನಿಗಳು ವ್ಯರ್ಥ.

ಬೀನ್ಸ್, ಕಾಳುಗಳ ಗ್ಯಾಸ್‌ಗೆ ಕಾರಣ ರ್ಯಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳು. ಇವನ್ನು ಒಡೆಯುವ ಆಲ್ಫಾ-ಗ್ಯಾಲಕ್ಟೊಸಿಡೇಸ್ ಮನುಷ್ಯರ ಕರುಳಿನಲ್ಲಿ ಇಲ್ಲವೇ ಇಲ್ಲ, ಮಾತ್ರೆಯಲ್ಲಿರುವುದು ಆಸ್ಪರ್‌ಜಿಲ್ಲಸ್ ಶಿಲೀಂಧ್ರದಿಂದ ತೆಗೆದದ್ದು. ಮೊದಲ ತುತ್ತಿನ ಜೊತೆ ತೆಗೆದುಕೊಳ್ಳಿ, ಅಡುಗೆಗೆ ಬೆರೆಸಿ ಕುದಿಸಬೇಡಿ. ಈರುಳ್ಳಿ, ಬೆಳ್ಳುಳ್ಳಿ, ಗೋಧಿಯಲ್ಲಿರುವುದು ಫ್ರಕ್ಟಾನ್ ಎಂಬ ಬೇರೆಯೇ ಸಕ್ಕರೆ ಸರಪಳಿ, ಅದಕ್ಕೆ ಈ ಮಾತ್ರೆ ನಾಟುವುದಿಲ್ಲ. ಸಕ್ಕರೆ ಕಾಯಿಲೆಗೆ ಅಕಾರ್ಬೋಸ್ ನುಂಗುವವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು, ಒಂದರ ಕೆಲಸವನ್ನು ಇನ್ನೊಂದು ಕೆಡಿಸುತ್ತದೆ. ಗ್ಯಾಲಕ್ಟೊಸೀಮಿಯಾ (ಗ್ಯಾಲಕ್ಟೋಸ್ ಅನ್ನು ದೇಹ ಬಳಸಿಕೊಳ್ಳಲಾಗದ ಹುಟ್ಟುಕಾಯಿಲೆ) ಇರುವವರಂತೂ ಮುಟ್ಟಲೇಬಾರದು. ಕಾಳು ರಾತ್ರಿಯೆಲ್ಲ ನೆನೆಸಿ ಆ ನೀರು ಚೆಲ್ಲಿ ಬೇಯಿಸಿದರೂ ಈ ಸಕ್ಕರೆಗಳು ಒಂದಿಷ್ಟು ಕಡಿಮೆಯಾಗುತ್ತವೆ. ಖರ್ಚಿಲ್ಲದ ಉಪಾಯ, ಮೊದಲು ಅದನ್ನೇ ಮಾಡಿ ನೋಡಿ.

ಪಿಷ್ಟ ಒಡೆಯುವ ಡಯಾಸ್ಟೇಸ್ ಮತ್ತು ಪ್ರೋಟೀನ್ ಒಡೆಯುವ ಪೆಪ್ಸಿನ್ ಕೂಡಿದ ಸಿರಪ್ಪುಗಳ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಡಯಾಸ್ಟೇಸ್ ಅನ್ನು ಗುರುತಿಸಿದ್ದು 1833ರಲ್ಲಿ, ಪೆಪ್ಸಿನ್ 1836ರಲ್ಲಿ. ಹಳೆಯ ಜೋಡಿ, ಆದರೆ ಹೊಂದಾಣಿಕೆ ಇಲ್ಲ. ಪೆಪ್ಸಿನ್ ಚುರುಕಾಗುವುದು ಪಿಎಚ್ 2ರ ಆಸುಪಾಸಿನ ಹುಳಿಯಲ್ಲಿ, ಶಿಲೀಂಧ್ರದ ಡಯಾಸ್ಟೇಸ್‌ಗೆ ಬೇಕಾದದ್ದು 5ರ ಆಸುಪಾಸು, ಅಂದರೆ ಕಡಿಮೆ ಹುಳಿ. ಸಾಲದ್ದಕ್ಕೆ ಡಯಾಸ್ಟೇಸ್ ಕೂಡ ಪ್ರೋಟೀನೇ, ಪೆಪ್ಸಿನ್ ಅದನ್ನೇ ತಿನ್ನಬಲ್ಲದು. ಆಸಿಡ್ ತಗ್ಗಿಸುವ ಮಾತ್ರೆ ಜೊತೆಗಿದ್ದರೆ ಪೆಪ್ಸಿನ್‌ ಕೈಕಟ್ಟಿ ಕೂರುತ್ತದೆ. ಎದೆಯುರಿ, ಹುಳಿತೇಗು, ಮಲಬದ್ಧತೆ ಯಾವುದಕ್ಕೂ ಇವು ಮದ್ದಲ್ಲ.

ಮೇದೋಜೀರಕದ ಕಿಣ್ವಗಳ ಮಿಶ್ರಣವಾದ ಪ್ಯಾಂಕ್ರಿಯಾಟಿನ್ ವಿಚಾರ ಬೇರೆ. ಮೇದೋಜೀರಕ ಗ್ರಂಥಿ ಸೋತವರಿಗೆ ಅದು ಸರಿಯಾದ ಔಷಧಿ. ದೊಡ್ಡವರಿಗೆ ಮುಖ್ಯ ಊಟಕ್ಕೆ 40,000ದಿಂದ 50,000 ಯುನಿಟ್ ಲೈಪೇಸ್ (ಕೊಬ್ಬು ಒಡೆಯುವ ಕಿಣ್ವ), ತಿಂಡಿಗೆ ಅದರ ಅರ್ಧ ಎಂದು ಶುರುಮಾಡುತ್ತಾರೆ. ಒಳಗಿನ ಸಣ್ಣ ಗುಳಿಗೆಗಳ ಮೇಲಿನ ಲೇಪ ಜಠರದ ಹುಳಿಯಿಂದ ಲೈಪೇಸ್ ಅನ್ನು ಕಾಯುತ್ತದೆ. ಅಗಿದರೆ, ಪುಡಿ ಮಾಡಿದರೆ ಲೇಪ ಹೋಗಿ ಲೈಪೇಸ್ ಅಲ್ಲೇ ಸಾಯುತ್ತದೆ. ಇದನ್ನು ವೈದ್ಯರು ಹೇಳದೆ ಶುರುಮಾಡಬೇಡಿ. ಮಲ ಎಣ್ಣೆಯಂತೆ ಜಿಡ್ಡಾಗಿ ತೇಲುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಮಲದಲ್ಲಿ ರಕ್ತ, ನಿದ್ದೆಯಿಂದ ಎಬ್ಬಿಸುವ ಭೇದಿ, ನುಂಗಲು ಕಷ್ಟ: ಇವುಗಳಲ್ಲಿ ಒಂದಿದ್ದರೂ ಮೊದಲು ತಪಾಸಣೆ ಆಗಲಿ.

ಇನ್ನು ಲೇಬಲ್. ‘ಕಿಣ್ವಗಳ ಮಿಶ್ರಣ 500 ಮಿ.ಗ್ರಾಂ’ ಎಂದಷ್ಟೇ ಬರೆದಿದ್ದರೆ ವಾಪಸ್ ಇಡಿ. ತೂಕದಿಂದ ಕಿಣ್ವದ ಶಕ್ತಿ ತಿಳಿಯದು, ಸತ್ತ ಕಿಣ್ವವೂ ಅಷ್ಟೇ ತೂಗುತ್ತದೆ. ಪ್ರತಿ ಕಿಣ್ವದ ಎದುರು ಅದರದ್ದೇ ಯುನಿಟ್ ಇರಬೇಕು. ಅದರಲ್ಲಿ ಬ್ರೊಮೆಲೇನ್ (ಅನಾನಸ್ಸಿನ ಕಿಣ್ವ) ಇದ್ದು, ನೀವು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಡಾಕ್ಟರಿಗೆ ತಿಳಿಸಿ. ಡಬ್ಬಿಯನ್ನು ಒಲೆಯ ಪಕ್ಕದ ಕಪಾಟಿನಲ್ಲಿಡಬೇಡಿ. ಬಿಸಿ, ತೇವ ಎರಡೂ ಕಿಣ್ವವನ್ನು ಕೊಲ್ಲುತ್ತವೆ, ಮಾತ್ರೆಯ ಬಣ್ಣ ಮಾತ್ರ ಹಾಗೇ ಉಳಿದಿರುತ್ತದೆ.