ಬರೇ ಮಾತಾಡಿದ್ರ ಬ್ಯಾನಿ ಹ್ಯಾಂಗ ಹೋಗ್ತದ?

ಹದಿನಾಲ್ಕು ವಾರ ನಾನು ಯಾದಗಿರಿಯಿಂದ ಕಲಬುರಗಿಗೆ, ನನ್ನ ದಿಗಿಲಿಗೆ (ಪ್ಯಾನಿಕ್) ಮಾತಿನ ಚಿಕಿತ್ಸೆ ಪಡೆಯಲು ಮನಃಶಾಸ್ತ್ರಜ್ಞೆಯೊಬ್ಬರ ಬಳಿಗೆ ಹೋಗಿಬಂದೆನೆಂದು ತಿಳಿದವರೆಲ್ಲ ಕೇಳುವುದು ಈ ಒಂದೇ ಪ್ರಶ್ನೆಯನ್ನು. ಶಹಾಪುರದ ಮದುವೆಯೊಂದರಲ್ಲಿ ಸೋದರತ್ತೆ ಊಟದ ಪಂಕ್ತಿಯಲ್ಲಿ ಎಲ್ಲರೆದುರಿಗೇ ಕೇಳಿದರು: “ಯವ್ವಾ, ಬರೇ ಮಾತಾಡಿದ್ರ ಬ್ಯಾನಿ ಹ್ಯಾಂಗ ಹೋಗ್ತದ? ಅಷ್ಟು ರೊಕ್ಕ ಕೊಟ್ಟು ಅಲ್ಲಿ ಮಾತಾಡೂದು, ನನ್ನ ಮುಂದ ಮಾತಾಡಿದ್ರ ಆಗ್ತಿದ್ದಿಲ್ಲೇನು?” ಪಂಕ್ತಿಯೆಲ್ಲ ನಕ್ಕಿತು. ನಾನು ಎಲೆಯ ಮೇಲಿನ ಹೋಳಿಗೆಯನ್ನು ನೋಡುತ್ತ ಸುಮ್ಮನಾದೆ. ಅಂದು ಕೊಡದ ಉತ್ತರವನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಇನ್ನು ಯಾರು ಕೇಳಿದರೂ ಇದನ್ನೇ ಓದಲು ಕೊಡುವೆ.

ಆ ‘ಬರೇ’ ಎಂಬ ಪದದ ಮೇಲೆ ನನಗೆ ಸಿಟ್ಟಿದೆ.

ಅತ್ತೆಯ ಮುಂದೆ ನಾನು ಮಾತಾಡಿರಲಿಲ್ಲವೆಂದಲ್ಲ. ರೈಲಿನಲ್ಲಿ ಎದೆ ಡವಗುಟ್ಟಿ, ಕೈ ಜುಮ್ಮೆಂದು, ಇನ್ನೇನು ಸತ್ತೆನೆನ್ನಿಸಿದ ದಿನ, ಇಸಿಜಿಯಲ್ಲಿ ಏನೂ ದೋಷವಿಲ್ಲವೆಂದು ವೈದ್ಯರು ಹೇಳಿ ಕಳಿಸಿದ ಮೇಲೆ, ಮೊದಲು ಹೇಳಿಕೊಂಡದ್ದು ಅತ್ತೆಗೇ. “ಏನೂ ಆಗೂದಿಲ್ಲ, ಸುಮ್ಮಿರು” ಎಂದು ತಲೆ ಸವರಿದರು. ಆ ಪ್ರೀತಿಗೆ ನಾನು ಋಣಿ, ಆದರೆ ಅದರ ನೆಮ್ಮದಿ ಮುಂದಿನ ರೈಲು ಬರುವವರೆಗೆ ಮಾತ್ರ ಉಳಿಯಿತು. ಮನಃಶಾಸ್ತ್ರಜ್ಞೆ ‘ಏನೂ ಆಗುವುದಿಲ್ಲ’ ಎಂದು ಒಮ್ಮೆಯೂ ಹೇಳಲಿಲ್ಲ. ಎದೆ ಹೊಡೆದುಕೊಳ್ಳುವಾಗ ನನ್ನ ಮನಸ್ಸಿಗೆ ಬರುವ ಮೊದಲ ಮಾತು ಯಾವುದು, ಅದನ್ನು ನೂರಕ್ಕೆ ಎಷ್ಟು ನಂಬುತ್ತೇನೆ ಎಂದು ಕೇಳಿದರು. ‘ಹೃದಯ ನಿಂತುಹೋಗುತ್ತದೆ, 90’ ಎಂದು ಬರೆದೆ.

ಫಿಲಡೆಲ್ಫಿಯಾದ ಮನೋವೈದ್ಯ ಆರನ್ ಬೆಕ್ ಮನೋವಿಶ್ಲೇಷಣೆಯಲ್ಲಿ, ಅಂದರೆ ಮನಸ್ಸಿನ ಆಳದಲ್ಲಿ ಅಡಗಿದ್ದನ್ನು ಹುಡುಕುವ ಫ್ರಾಯ್ಡನ ಪದ್ಧತಿಯಲ್ಲಿ, ತರಬೇತಾದವರು. ಖಿನ್ನತೆಯ ರೋಗಿಗಳ ಮನಸ್ಸಿನಲ್ಲಿ ಕರೆಯದೆಯೇ ಬಂದು, ಅವರನ್ನೇ ಹಳಿದುಹೋಗುವ ಇಂಥ ಯೋಚನೆಗಳನ್ನು ಗಮನಿಸಿ, 1960ರ ದಶಕದಲ್ಲಿ ಅವರು ಬೇರೆಯದೇ ದಾರಿ ಹಿಡಿದರು: ಆ ಯೋಚನೆಯನ್ನು ಸತ್ಯವೆಂದು ಒಪ್ಪಿಕೊಳ್ಳದೆ, ಸುಳ್ಳೆಂದು ತಳ್ಳಿಯೂ ಹಾಕದೆ, ಒರೆಗೆ ಹಚ್ಚಬೇಕಾದ ಊಹೆಯೆಂದು ಎದುರಿಗಿಟ್ಟುಕೊಳ್ಳುವುದು. ಸಿಬಿಟಿ ಎಂದು ಕರೆಯುವ ಅರಿವಿನ ವರ್ತನಾ ಚಿಕಿತ್ಸೆಯ ತಿರುಳು ಅದು. ನನ್ನಂಥವರ ದಿಗಿಲು ಹೇಗೆ ಬೆಳೆಯುತ್ತದೆಂಬುದನ್ನು ಬ್ರಿಟಿಷ್ ಮನಃಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ವಿವರಿಸಿದರು: ಮೈಯ ಸಣ್ಣ ಬದಲಾವಣೆಯನ್ನು ಗಂಡಾಂತರವೆಂದು ತಿಳಿದರೆ ಹೆದರಿಕೆ ಏರುತ್ತದೆ, ಹೆದರಿಕೆಯಿಂದ ಎದೆಬಡಿತ ಏರುತ್ತದೆ, ಏರಿದ ಬಡಿತವೇ ಗಂಡಾಂತರಕ್ಕೆ ಮತ್ತೊಂದು ಸಾಕ್ಷಿಯಾಗಿ ನಿಲ್ಲುತ್ತದೆ.

ಅತ್ತೆ ಕೇಳಬೇಕಾಗಿದ್ದ ಪ್ರಶ್ನೆ ಬೇರೆ ಇತ್ತು: ವಾರದಲ್ಲಿ ಐವತ್ತು ನಿಮಿಷ ಮಾತಾಡಿ ಬಂದ ಮೇಲೆ, ಉಳಿದ ಆರು ದಿನ ನೀನೇನು ಮಾಡಿದಿ? ಇದನ್ನು ಯಾರೂ ಕೇಳಿಲ್ಲ. ಆದರೆ ಚಿಕಿತ್ಸೆಯ ಬಹುಪಾಲು ದುಡಿಮೆ ನಡೆದದ್ದು ಆ ಆರು ದಿನಗಳಲ್ಲಿಯೇ.

ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ನಡೆದದ್ದೇನು, ಬಂದ ಯೋಚನೆ ಯಾವುದು, ಅದರ ಪರವಾಗಿ ಏನಿದೆ, ವಿರುದ್ಧವಾಗಿ ಏನಿದೆ ಎಂದು ರಾತ್ರಿ ಬರೆಯುತ್ತಿದ್ದೆ. ಮನಃಶಾಸ್ತ್ರಜ್ಞೆಯ ಕೋಣೆಯಲ್ಲಿ ನಿಂತಲ್ಲೇ ಒಂದು ನಿಮಿಷ ಓಡಿ, ನಾನು ಹೆದರುತ್ತಿದ್ದ ಆ ಬಡಿತವನ್ನು ಬೇಕೆಂದೇ ಬರಿಸಿಕೊಂಡೆ, ಬಳಿಕ ಅದನ್ನೇ ಮನೆಯ ಮಾಳಿಗೆಯ ಮೇಲೆ ದಿನವೂ ಮಾಡಿದೆ. ನಂತರ ರೈಲು. ಮೊದಲು ಅಣ್ಣನ ಜೊತೆ ನಾಲವಾರದವರೆಗೆ, ಆಮೇಲೆ ಒಬ್ಬಳೇ ವಾಡಿಯವರೆಗೆ. ಎಲ್ಲಕ್ಕಿಂತ ಕಷ್ಟವಾದದ್ದು ನೀರಿನ ಬಾಟಲಿಯನ್ನು ಬಿಟ್ಟುಹೋಗುವುದು. ಬಾಟಲಿ, ಬಾಗಿಲ ಪಕ್ಕದ ಸೀಟು, ಕೈಯಲ್ಲಿ ಅಣ್ಣನ ನಂಬರು ತೆರೆದಿಟ್ಟ ಫೋನು: ಇವು ಇದ್ದುದರಿಂದಲೇ ಬದುಕಿದೆನೆಂದು ಮನಸ್ಸು ಲೆಕ್ಕ ಹಾಕುತ್ತಿದ್ದಾಗ, ಎಷ್ಟು ಸಲ ಸುಖವಾಗಿ ಊರು ಮುಟ್ಟಿದರೂ ಹೆದರಿಕೆ ಒಂದು ಕೂದಲೆಳೆಯಷ್ಟೂ ಕಡಿಮೆಯಾಗುತ್ತಿರಲಿಲ್ಲ.

ಮಾತ್ರೆ ತೆಗೆದುಕೊಂಡು ಗುಣವಾದವರಿದ್ದಾರೆ, ಎರಡೂ ಬೇಕಾದವರಿದ್ದಾರೆ. ಅವರ ಚಿಕಿತ್ಸೆಯನ್ನು ಯಾರಾದರೂ ‘ಬರೇ’ ಎಂದು ಹಗುರಮಾಡಿದರೆ, ಅವರ ಪರವಾಗಿಯೂ ನನಗೆ ಇದೇ ಸಿಟ್ಟು ಬರುತ್ತದೆ.

ಹನ್ನೆರಡನೆಯ ವಾರ ಬಾಟಲಿಯನ್ನು ಮನೆಯಲ್ಲಿಟ್ಟು, ನಡುವಿನ ಸೀಟಿನಲ್ಲಿ ಒಬ್ಬಳೇ ಕುಳಿತು ಕಲಬುರಗಿಗೆ ಹೊರಟೆ. ಶಹಾಬಾದ್ ಬರುವ ಹೊತ್ತಿಗೆ ಎದೆ ಜೋರಾಗಿ ಹೊಡೆದುಕೊಂಡಿತು, ಬಾಯಿ ಒಣಗಿತು, ಇಳಿದುಬಿಡಲೇ ಎನ್ನಿಸಿತು. ಇಳಿಯಲಿಲ್ಲ. ತಡೆಯಲೂ ಹೋಗದೆ, ಅದು ಏರುವುದನ್ನೂ ಇಳಿಯುವುದನ್ನೂ ಗಡಿಯಾರ ನೋಡುತ್ತ ಕುಳಿತೆ. ಆ ದಿನದ ಪುಟದಲ್ಲಿ ಅಕ್ಷರಗಳು ರೈಲಿನ ಕುಲುಕಾಟಕ್ಕೆ ಸೊಟ್ಟಗಿವೆ: ‘ಹೃದಯ ನಿಂತುಹೋಗುತ್ತದೆ, 20.’