ಬನಶಂಕರಿಯ ಉದ್ದರಿ

ಈ ಸಲ ಬನದ ಹುಣ್ಣಿಮೆ ಬೇಗ ಬಂತು, ಜನವರಿ 3ಕ್ಕೇ. ಹೊಸ ಕ್ಯಾಲೆಂಡರ್ ಗೋಡೆಗೆ ತೂಗು ಹಾಕುವಾಗಲೇ ಕಣ್ಣಿಗೆ ಬಿತ್ತು. ಹೋಗಬೇಕೋ ಬೇಡವೋ ಅಂತ ಮನಸ್ಸು ಹೊಯ್ದಾಡಿತು. ನಲವತ್ತು ವರ್ಷ ಬಾದಾಮಿ ಬನಶಂಕರಿ ಜಾತ್ರೆಗೆ ನಾನೂ ನನ್ನ ಗೆಳೆಯನೂ ಕೂಡಿ ಹೋದವರು. ಅವನು ಹೋದ ಶ್ರಾವಣದಲ್ಲಿ ತೀರಿಕೊಂಡ.

ಹುಣ್ಣಿಮೆಗೆ ನಾಲ್ಕು ದಿನ ಇರುವಾಗ ವೈನಿಯ, ಅಂದರೆ ಅವನ ಹೆಂಡತಿಯ, ಫೋನ್ ಬಂತು. "ಅಣ್ಣಾರ, ವರ್ಷ ತುಂಬೋತನಕ ನಾವು ಗುಡಿಗೆ ಬರಾಂಗಿಲ್ಲ. ಅವರದ್ದು ಖಣದ ಹರಕಿ ಐತಿ, ನಿಮಗ ಗೊತ್ತೈತಲ್ರಿ. ಈ ವರ್ಷ ನೀವ ಮುಟ್ಟಿಸ್ರಿ." ಇನ್ನು ಹೋಗದೆ ಇರುವುದು ಹೇಗೆ?

ಗುಳೇದಗುಡ್ಡದ ಖಣ ಅಂದರೆ ಕುಬ್ಬಸದ ಬಟ್ಟೆ. ಅವನು ಅದನ್ನು ನೇಯುವವನು. ಇಡೀ ಜಾತ್ರೆಗೆ ಅವನು 'ಖಣದ ಕಾಕಾ'. ವರ್ಷಕ್ಕೊಂದು ತೇರಿನ ಚಿತ್ತಾರದ ಖಣ ದೇವಿಗೆ ಅಂತ ತೆಗೆದಿಡುತ್ತಿದ್ದ. ಬನಶಂಕರಿ ನಮ್ಮ ಕಡೆ ಎಷ್ಟೋ ನೇಕಾರ ಮನೆಗಳ ಕುಲದೇವತೆ. ಅವನಿಗೆ ಆಕೆ ಅದಕ್ಕಿಂತ ಹತ್ತಿರದವಳು. ತವರುಮನೆಯಲ್ಲಿರುವ ಅಕ್ಕನ ಸುದ್ದಿ ಹೇಳಿದ ಹಾಗೆ ದೇವಿಯ ಸುದ್ದಿ ಹೇಳುತ್ತಿದ್ದ.

ಕುಣಿಮಗ್ಗ ಗೊತ್ತಲ್ಲ? ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವುದು. ಅದರ ಮೇಲೆ ಅವನದೊಂದು ಹಳೆಯ ಮಾತಿತ್ತು. "ಹನ್ನೆರಡನೇ ವರ್ಷಕ್ಕ ಕುಣಿಯೊಳಗ ಕಾಲಿಟ್ಟಾಂವ ನಾ. ಉಳಿದದ್ದು ಮ್ಯಾಲಿನ ಅರ್ಧ. ಅದಕ್ಯಾಕ ಅಂಜಬೇಕು?" ಮಣ್ಣು ಕೊಡುವ ದಿನ ಅವನನ್ನು ಇಳಿಸುವಾಗ ನನಗೆ ಈ ಮಾತು ನೆನಪಾಗಿ ನಗು ಬಂದುಬಿಟ್ಟಿತು. ಪಕ್ಕದಲ್ಲಿದ್ದವರು ದುರುಗುಟ್ಟಿ ನೋಡಿದರು. ಅವರ ತಪ್ಪೇನೂ ಇಲ್ಲ ಬಿಡಿ.

ಅವನ ಜೊತೆ ಜಾತ್ರೆಗೆ ಹೋಗುವುದೆಂದರೆ ಕಿಸೆ ಹರಿದ ಚೀಲದ ಜೊತೆ ಹೋದ ಹಾಗೆ. ಬಸ್ಸಿಳಿದ ಕೂಡಲೇ ಶುರು. ಯಾವುದೋ ಮಗು ಪೀಪಿಗೆ ಅಳುತ್ತಿದ್ದರೆ ಅದಕ್ಕೊಂದು ಪೀಪಿ, ಅದರ ತಂಗಿಗೂ ಒಂದು. ಬಳೆ ಅಂಗಡಿ ಮುಂದೆ ಚೌಕಾಸಿ ಮಾಡುತ್ತಾ ನಿಂತ ಮುದುಕಿಗೆ ಕಡಿಮೆ ಬಿದ್ದ ಇಪ್ಪತ್ತು ರೂಪಾಯಿ. ಬಾಗಿಲು, ಚೌಕಟ್ಟು ಮಾರುವ ಸಾಲು ಈ ಜಾತ್ರೆಯಲ್ಲಿ ದೊಡ್ಡದು. ಕೆತ್ತನೆಯ ಬಾಗಿಲುಗಳನ್ನು ಸಾಲಾಗಿ ನಿಲ್ಲಿಸಿರುತ್ತಾರೆ. ಗೋಡೆ ಇಲ್ಲದ ಆ ಬಾಗಿಲುಗಳ ಮುಂದೆ ನಿಂತು "ಯವ್ವಾ, ಮನಿಯಾಗ ಅದೀರೇನು?" ಅಂತ ಕೂಗುತ್ತಿದ್ದ. ಪ್ರತಿ ವರ್ಷ ಅದೇ ಜೋಕು. ಪ್ರತಿ ವರ್ಷ ಅವನೊಬ್ಬನೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ನಾನು ಬೇರೆ ಕಡೆ ನೋಡುತ್ತಿದ್ದೆ.

ನಾಟಕದ್ದಂತೂ ಹೇಳುವುದೇ ಬೇಡ. ಬನಶಂಕರಿಯಲ್ಲಿ ಹತ್ತಾರು ನಾಟಕ ಕಂಪನಿ ಡೇರೆ ಹೊಡೆದಿರುತ್ತವೆ. ತೇರು ಮುಗಿದ ಮೇಲೂ ವಾರಗಟ್ಟಲೆ ಆಟ ನಡೆಯುತ್ತದೆ. ಒಂದು ಸಲ ಹಾಸ್ಯ ಪಾತ್ರದವನು ಮಾತು ಶುರು ಮಾಡುವ ಮೊದಲೇ ಇವನು ಹೋ ಅಂತ ನಕ್ಕ. ಆ ನಟ ನಿಂತು, "ಕಾಕಾ, ಸ್ವಲ್ಪ ತಡೀರಿ, ಮಾತು ಇನ್ನೂ ಬಾಯಾಗ ಐತಿ" ಅಂದ. ಆಮೇಲೆ ಡೇರೆಗೆ ಡೇರೆಯೇ ನಕ್ಕಿತು.

ಇಷ್ಟೆಲ್ಲ ಆಗಿ ಊಟದ ಹೊತ್ತಿಗೆ ಕಿಸೆ ಖಾಲಿ. ಆಗ ರೊಟ್ಟಿ ಮಾರುವ ಹೆಣ್ಣುಮಕ್ಕಳ ಹತ್ತಿರ ಉದ್ದರಿ. ಬುಟ್ಟಿ ಹೊತ್ತು ಬರುತ್ತಾರಲ್ಲ, ಜೋಳದ ರೊಟ್ಟಿ, ಮುಳಗಾಯಿ ಪಲ್ಯ, ಕೆಂಪು ಚಟ್ನಿ, ಪುಟ್ಟ ಗಡಿಗೆಯಲ್ಲಿ ಮೊಸರು. ಅವನು ಒಬ್ಬನೇ ಉಣ್ಣುವವನಲ್ಲ. ದಾರಿಯಲ್ಲಿ ಹೋಗುವವರನ್ನೂ ಕೈ ಹಿಡಿದು ಕೂರಿಸುತ್ತಿದ್ದ. ನಾನು ಸೊಸೈಟಿಯಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ನಾನು ಕೊಡುತ್ತೇನೆ ಅಂದರೆ ಬಿಡುತ್ತಿರಲಿಲ್ಲ. "ಸುಮ್ನಿರಲೇ. ಜಾತ್ರ್ಯಾಗ ಒಂದೀಟು ಸಾಲ ಇಟ್ಟು ಬರಬೇಕು. ಅಂದ್ರ ಮುಂದಿನ ವರ್ಷ ಬರಾಕ ಒಂದು ನೆಪ ಇರ್ತೈತಿ."

ದೇವಿಯ ಹತ್ತಿರವೂ ಇದೇ ವ್ಯವಹಾರ. ಉಡಿ ಸಾಮಾನಿನಲ್ಲಿ ಖಣ, ತೆಂಗಿನಕಾಯಿ, ಅಕ್ಕಿ, ಐದು ಉತ್ತತ್ತಿ, ಐದು ಅರಿಷಿಣ ಬೇರು, ಐದು ಅಡಿಕೆ ಇರಬೇಕು. ಅವನು ಅಡಿಕೆ ನಾಲ್ಕೇ ಇಡುತ್ತಿದ್ದ. "ಒಂದು ಬಾಕಿ ಐತಿ ತಾಯಿ, ಮುಂದಿನ ಸಲ" ಅಂತ ಕೈ ಮುಗಿಯುತ್ತಿದ್ದ. ಎಲ್ಲರೂ ಹರಕೆ ತೀರಿಸಲು ಬಂದರೆ ಇವನು ಹರಕೆ ಉಳಿಸಿಕೊಳ್ಳಲು ಬರುತ್ತಿದ್ದ. ನನಗೆ ಇದು ಸರಿ ಕಾಣುತ್ತಿರಲಿಲ್ಲ. ದೇವರ ಲೆಕ್ಕದಲ್ಲಿ ಬಾಕಿ ಇಡಬಾರದು ಅಂತ ಎಷ್ಟೋ ಸಲ ಜಗಳ ಮಾಡಿದ್ದೇನೆ.

ಬನಶಂಕರಿಯೇ ಶಾಕಂಭರಿ, ಆಕೆಯ ಕತೆ ನಿಮಗೆ ಗೊತ್ತೇ ಇದೆ. ದುರ್ಗಮಾಸುರ ವೇದಗಳನ್ನು ಕಸಿದುಕೊಂಡ, ಯಜ್ಞ ನಿಂತಿತು, ನೂರು ವರ್ಷ ಮಳೆ ಬರಲಿಲ್ಲ. ಮೊರೆ ಕೇಳಿ ದೇವಿ ಬಂದಳು. ಜನರ ಸ್ಥಿತಿ ನೋಡಿ ಆಕೆಯ ನೂರು ಕಣ್ಣಿನಲ್ಲೂ ನೀರು ಬಂತು, ಹೊಳೆ ತುಂಬುವಷ್ಟು. ಅದಕ್ಕೇ ಶತಾಕ್ಷಿ. ಆಮೇಲೆ ತನ್ನ ಮೈಯಿಂದಲೇ ಕಾಯಿಪಲ್ಯ ಬೆಳೆದು ಕೊಟ್ಟಳು. ಅದಕ್ಕೇ ಶಾಕಂಭರಿ, ಅದಕ್ಕೇ ಹುಣ್ಣಿಮೆಯ ಹಿಂದಿನ ದಿನ 108 ಬಗೆ ಪಲ್ಯದ ನೈವೇದ್ಯ, ನಮ್ಮ ಪಲ್ಲೇದ ಹಬ್ಬ. ಪುರಾಣ ಓದದ ಅವನು ಈ ಕತೆಯಲ್ಲಿ ನಾನು ನೋಡದ ಒಂದು ಸಂಗತಿ ನೋಡಿದ್ದ. "ಸಾಲು ನೋಡಲೇ. ಮೊದಲು ಅತ್ತಳು. ಆಮ್ಯಾಲ ಉಣ್ಣಾಕ ಹಾಕಿದಳು. ರಾಕ್ಷಸನ ಕೂಡ ಜಗಳ ಕಡೀಕ. ನಾವಾದ್ರ ಮೊದಲ ಜಗಳಾ ತಗೀತೀವಿ." ಇದನ್ನು ಹೇಳಿದ್ದು ಬಾಯಲ್ಲಿ ಮುಳಗಾಯಿ ಇಟ್ಟುಕೊಂಡು. ನಾನು ಆಗ ಹೂಂ ಅಂದು ಸುಮ್ಮನಾಗಿದ್ದೆ.

ಈ ಸಲ ನಾನು ಬೆಳಿಗ್ಗೆಯೇ ಹೋದೆ. ಹೊಂಡದ ಕಟ್ಟೆ ಮೇಲೆ ಸ್ವಲ್ಪ ಹೊತ್ತು ಕೂತೆ. ಇಲ್ಲೇ ಬಾಳೆ ದಿಂಡಿನ ತೆಪ್ಪದಲ್ಲಿ ಹಸುಗೂಸುಗಳನ್ನು ಮಲಗಿಸಿ ಹರಕೆ ತೀರಿಸುವುದು. ಅವನ ಮಗಳನ್ನು ಹಾಗೆ ತೇಲಿಸಿದಾಗ ನಾನೂ ದಿಂಡು ಹಿಡಿದಿದ್ದೆ. ಆ ಮಗಳಿಗೆ ಈಗ ಕಾಲೇಜಿಗೆ ಹೋಗುವ ಮಗ ಇದ್ದಾನೆ.

ಪಾಳಿ ಉದ್ದ ಇತ್ತು. ಮುಂದೆ ಹಿಂದೆ ಎಲ್ಲ ಕಡೆ "ಬನಶಂಕರಿದೇವಿ ನಿನ್ನ ಪಾದಕ ಶಂಭುಕೋ" ಅನ್ನುವ ಕೂಗು. ಅವನಿದ್ದರೆ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದ, ನಾನು ಬರೀ ತುಟಿ ಅಲುಗಿಸುತ್ತಿದ್ದೆ. ಇವತ್ತು ಕೂಗೋಣ ಅಂತ ಬಾಯಿ ತೆಗೆದೆ. ದನಿ ಹೊರಡಲಿಲ್ಲ. ಹಿಂದೆ ನಿಂತಿದ್ದ ಹುಡುಗನೇ ನನ್ನ ಪಾಲಿಗೂ ಕೂಗಿದ.

ಕಪ್ಪು ಕಲ್ಲಿನ ತಾಯಿ, ಸಿಂಹದ ಮೇಲೆ ಕೂತವಳು, ಎಂಟು ಕೈ. ಪೂಜಾರಿ ಕೈಗೆ ಉಡಿ ಸಾಮಾನು ಕೊಟ್ಟೆ. ಅಡಿಕೆ ಐದು ಎಣಿಸಿ ಇಟ್ಟಿದ್ದೆ. ನಾಲ್ಕು ಇಡಬೇಕು ಅಂದುಕೊಂಡೇ ಹೋಗಿದ್ದೆ, ಆದರೆ ಕೈ ಕೇಳಲಿಲ್ಲ. ಲೆಕ್ಕದವನ ಕೈ ಅಲ್ವಾ. ಖಣ ಆಕೆಯ ಪಾದದ ಹತ್ತಿರ ಹೋದದ್ದು ಕಂಡಿತು. ಏನಾದರೂ ಬೇಡಿಕೊಳ್ಳಬೇಕಿತ್ತು, ಏನೂ ತೋಚಲಿಲ್ಲ. 'ಅಂವ ಅಲ್ಲಿ ಬಂದಿದ್ರ, ಅವನ ಜೋಕಿಗೆ ಒಂದೀಟು ನಗು ತಾಯಿ' ಅಂದೆ. ಅಷ್ಟರಲ್ಲಿ ಹಿಂದಿನವರು ನೂಕಿದರು.

ಹೊರಗೆ ಬಂದರೆ ಅದೇ ಜಾಗ, ಅದೇ ಬುಟ್ಟಿ. "ಖಣದ ಕಾಕಾ ಎಲ್ರಿ?" ಅಂತ ಕೇಳಿದಳು ಆ ಹೆಣ್ಣುಮಗಳು. ಹೇಳಿದೆ. ಆಕೆ ಸೆರಗು ಬಾಯಿಗೆ ಹಿಡಿದುಕೊಂಡು ಕೂತುಬಿಟ್ಟಳು. ಆಮೇಲೆ ಕಣ್ಣೊರೆಸಿಕೊಂಡು ನನ್ನ ಕೈಗೆ ಎರಡು ರೊಟ್ಟಿ ಹಾಕಿ, ಪಲ್ಯ ಬಡಿಸಿದಳು. ಉಂಡು ಮುಗಿಯುವ ತನಕ ಸುಮ್ಮನಿದ್ದಳು. ಕಡೆಗೆ ಮೆಲ್ಲಗೆ, "ಹೇಳಬಾರದ್ರಿ, ಆದ್ರ ಹೋದ ವರ್ಷದ್ದು ಇನ್ನೂರಾ ನಲವತ್ತು ಉಳದೈತ್ರಿ" ಅಂದಳು.

ಪಕ್ಕದ ಬುಟ್ಟಿಯವಳಿಗೆ ಕೇಳಿಸಿತು. "ನಂದೂ ತೊಂಬತ್ತು ಐತ್ರಿ." ಮೊಸರಿನ ಹುಡುಗಿ ನಾಚಿಕೊಂಡು, "ನಂದು ನಲವತ್ತ, ಇರ್ಲಿ ಬಿಡ್ರಿ" ಅಂದಳು.

ನನಗೆ ನಗು ತಡೆಯಲಿಲ್ಲ. ಆ ಮೂವರೂ ಮೊದಲು ಗಾಬರಿಯಾದರು, ಆಮೇಲೆ ಅವರೂ ನಕ್ಕರು. ಎಲ್ಲರದೂ ಕೊಟ್ಟೆ. ಡೈರಿ ತೆಗೆದು 370 ಅಂತ ಬರೆದೆ. ನನ್ನ ಊಟದ್ದು ಬೇರೆ, ಅರವತ್ತು ರೂಪಾಯಿ. ಐವತ್ತರ ನೋಟು ಕೊಟ್ಟೆ.

"ಹತ್ತು ರೂಪಾಯಿ ಚಿಲ್ಲರೆ ಇಲ್ಲಲ್ಲ ತಂಗಿ."

"ಇರ್ಲಿ ಬಿಡ್ರಿ ಕಾಕಾರ. ಮುಂದಿನ ಹುಣ್ಣಿವಿಗೆ ಬರ್ತೀರಲ್ಲ, ಆಗ ಕೊಡುವಂತ್ರಿ."

ತೇರಿನ ಹಗ್ಗಕ್ಕೆ ಜನ ಸೇರತೊಡಗಿದ್ದರು. ನಾನು ಡೈರಿಯಲ್ಲಿ ಇನ್ನೊಂದು ಸಾಲು ಬರೆದೆ: 'ಬನಶಂಕರಿ, ಉದ್ದರಿ, 10.' ಎದ್ದು ನಿಂತಾಗ ಚೀಲದ ತಳದಲ್ಲಿದ್ದ ಚಿಲ್ಲರೆ ಸದ್ದು ಮಾಡಿತು. ಆಕೆಗೆ ಕೇಳಿಸದಿರಲಿ ಅಂತ ಅದನ್ನು ಎದೆಗೆ ಅವುಚಿಕೊಂಡು ತೇರಿನ ಕಡೆ ನಡೆದೆ.