ಬೆಂಗಳೂರಿನ ಗಾಲ್ಫ್ ಕ್ಲಬ್ ನೋಡೋಕೆ ಹೊರಟಿದ್ದೀರಾ? ಮೊದಲು ಕಾಲರ್ ಇರುವ ಟೀ-ಶರ್ಟ್ ಇಟ್ಕೊಳ್ಳಿ

ದಾವಣಗೆರೆಯಲ್ಲಿ ಮುನ್ನೂರು ರೂಪಾಯಿಗೆ ಸಿಗುವ ಟೀ-ಶರ್ಟಿಗೆ ನಾನು ಬೆಂಗಳೂರಲ್ಲಿ 1,450 ಕೊಟ್ಟೆ. ಅದಕ್ಕೇ ಇದನ್ನು ಬರೀತಿದ್ದೇನೆ.

ನಮ್ಮ ಮಾವನ ಸಾಹೇಬರು ಬೆಂಗಳೂರು ಗಾಲ್ಫ್ ಕ್ಲಬ್ಬಿನ ಮೆಂಬರ್. "ಬೆಳಗ್ಗೆ ಏಳಕ್ಕೆ ಬರಲಿ, ಜೊತೆಗೆ ಕರ್ಕೊಂಡು ಹೋಗ್ತೀನಿ" ಅಂದಿದ್ದರಂತೆ. ಮೆಂಬರ್ ಯಾರೂ ಗೊತ್ತಿಲ್ಲ ಅಂದರೆ ನೀವು ಹೊರಡಲೇಬೇಡಿ. ಟಿಕೆಟ್ ತಗೊಂಡು ಒಳಗೆ ಹೋಗೋಕೆ ಅದೇನು ಲಾಲ್‌ಬಾಗ್ ಅಲ್ಲ. ಹೊರಗೆ ಸ್ಯಾಂಕಿ ರಸ್ತೆಯಲ್ಲಿ ನಿಂತರೆ ಕಾಣೋದು ಬಲೆ, ಮರ, ಅಷ್ಟೇ.

ಏಳಕ್ಕೆ ಅಲ್ಲಿರಬೇಕು ಅಂತ ರಾತ್ರಿ ಸ್ಲೀಪರ್ ಬಸ್ ಹತ್ತಿದೆ. ಖಾಸಗಿ ಬಸ್ಸು. ನನ್ನ ಸೀಟಿನ ಮೇಲೆ ಏಸಿ ನೀರು ತೊಟ್ಟಿಕ್ಕುತ್ತಿತ್ತು. ಹಿರಿಯೂರು ದಾಟುವ ಹೊತ್ತಿಗೆ ದಿಂಬು ಒದ್ದೆ, ಸಿರಾ ಹೊತ್ತಿಗೆ ನಾನೂ ಒದ್ದೆ. ಮೆಜೆಸ್ಟಿಕ್‌ವರೆಗೆ ಅಂತ ದುಡ್ಡು ತಗೊಂಡವರು ನಾಲ್ಕು ಗಂಟೆಗೆ ಗೊರಗುಂಟೆಪಾಳ್ಯದಲ್ಲಿ ಇಳಿಸಿ ಹೋದರು. ಕೇಳಿದರೆ "ಇಲ್ಲೇ ಲಾಸ್ಟ್" ಅಂತ. ಅಲ್ಲಿಂದ ಮೆಜೆಸ್ಟಿಕ್‌ಗೆ ಆಟೋದವನು 500 ಕೇಳಿ 400ಕ್ಕೆ ಒಪ್ಪಿದ. ದಯವಿಟ್ಟು ರೈಲಲ್ಲಿ ಹೋಗಿ. ವಾಪಸ್ ನಾನು ಬಂದಿದ್ದು ಜನಶತಾಬ್ದಿಯಲ್ಲೇ, ರಾಜನ ಹಾಗೆ.

ಆರೂವರೆಗೆ ಮಾವನ ಫೋನ್. "ಏನು ಹಾಕ್ಕೊಂಡಿದ್ದೀಯೋ?" ರೌಂಡ್ ನೆಕ್, ಜೀನ್ಸ್, ಚಪ್ಪಲಿ ಅಂದೆ. "ಮುಗೀತು ಬಿಡು" ಅಂದರು. ಗಾಲ್ಫ್ ಕ್ಲಬ್‌ಗಳಲ್ಲಿ ಕಾಲರ್, ಸರಿಯಾದ ಪ್ಯಾಂಟು, ಶೂ ಇರಬೇಕಂತೆ. ಶೂ, ಪ್ಯಾಂಟು ಮಾವನವೇ ಆದವು. ಅವರ ಟೀ-ಶರ್ಟ್ ಮಾತ್ರ ನನ್ನ ಹೊಟ್ಟೆ ಹತ್ರ ನಿಂತುಬಿಟ್ಟಿತು. ಅಂಗಡಿಗಳು ತೆಗೆಯೋದು ಹನ್ನೊಂದಕ್ಕೆ. ಹಾಗಾಗಿ ಏಳು ಗಂಟೆ ಹೋಗಿ ಮಧ್ಯಾಹ್ನ ಮೂರಾಯಿತು, ಮಾಲ್‌ನಲ್ಲಿ 1,450 ಹೋಯಿತು.

ಕಾಯುವ ಹೊತ್ತಲ್ಲಿ ಒಂದು ಒಳ್ಳೆಯದೂ ಆಯಿತು. ಮೊದಲು 'ದಾವಣಗೆರೆ ಬೆಣ್ಣೆ ದೋಸೆ' ಅಂತ ಬೋರ್ಡ್ ಹಾಕಿದ ಕಡೆ ಕೂತು 120 ಕೊಟ್ಟು ಬೈದುಕೊಂಡೆ. ಬೆಣ್ಣೆ ಇತ್ತು, ದೋಸೆ ನಮ್ಮೂರದ್ದಲ್ಲ. ಮಧ್ಯಾಹ್ನ ಶೇಷಾದ್ರಿಪುರದ ಒಂದು ಗಲ್ಲಿಯಲ್ಲಿ, ಹೆಸರೂ ಇಲ್ಲದ ಶೀಟಿನ ಹೋಟೆಲು. ಆಟೋದವರು ಸಾಲಾಗಿ ನಿಂತು ಉಣ್ಣುತ್ತಿದ್ದರು. ಬಿಸಿ ಮುದ್ದೆ, ಹುರುಳಿಕಾಳಿನ ಸಾರು, ಒಂದು ಹಿಡಿ ಅನ್ನ, ಮಜ್ಜಿಗೆ, 60 ರೂಪಾಯಿ. ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಎಷ್ಟು ಹದವಾಗಿತ್ತು ಅಂದರೆ, ನಮ್ಮ ಕಡೆ ರೊಟ್ಟಿ ಜಾಸ್ತಿ, ಮುದ್ದೆ ನನಗೆ ಅಷ್ಟಕ್ಕಷ್ಟೇ, ಆದರೂ ಎರಡನೇದು ಹಾಕಿಸಿಕೊಂಡೆ. ಬಡಿಸುವ ಅಮ್ಮ "ಅಗಿಬೇಡಪ್ಪ, ನುಂಗು" ಅಂತ ಪಾಠ ಬೇರೆ ಮಾಡಿದರು. ಸಾರು ಕೇಳಿದಷ್ಟು ಸಲ ಹಾಕ್ತಾರೆ. ಕೂರೋಕೆ ಜಾಗ ಮಾತ್ರ ಇಲ್ಲ.

ಇನ್ನು ಮೈದಾನ. ನಾಲ್ಕೂ ಕಡೆ ಹಾರ್ನ್, ಮಧ್ಯೆ 18 ಕುಳಿಗಳ ಹಸಿರು. ಚೆಂಡನ್ನು ಕೋಲಿನಿಂದ ಹೊಡೆದು ಆ ಕುಳಿಗಳಿಗೆ ಬೀಳಿಸೋದೇ ಆಟ. ಒಂದೊಂದು ಕುಳಿಯೂ ನಾಲ್ಕೂಕಾಲು ಇಂಚು ಅಗಲ, ಅಷ್ಟೇ. ದೂರದಿಂದ ಕುಳಿಯಲ್ಲಿ ನೆಟ್ಟ ಬಾವುಟ ಕಾಣುತ್ತೆ, ಕುಳಿ ಕಾಣಲ್ಲ. ಯಾರಾದರೂ ಹೊಡೆಯೋಕೆ ನಿಂತರೆ ಮಾತಾಡಬಾರದು, ಅಲ್ಲಾಡಬಾರದು. ಯಾರೋ "ಫೋರ್!" ಅಂತ ಕೂಗಿದರು. ನಾನು ಕ್ರಿಕೆಟ್ ನೋಡಿ ಬೆಳೆದವನು, ಬೌಂಡರಿ ಎಲ್ಲಿ ಅಂತ ಕತ್ತೆತ್ತಿದೆ. ಕ್ಯಾಡಿ, ಅಂದರೆ ಆಡುವವರ ಬ್ಯಾಗ್ ಹೊರುವವರು, ನನ್ನ ತಲೆ ಹಿಡಿದು ಕೆಳಗೆ ಒತ್ತಿದರು. ಚೆಂಡು ನಿಮ್ಮ ಕಡೆ ಬರ್ತಿದೆ, ತಲೆ ಬಗ್ಗಿಸಿ ಅನ್ನೋದಕ್ಕೆ ಆ ಕೂಗು.

ಕ್ಲಬ್ ಶುರುವಾಗಿದ್ದು 1876ರಲ್ಲಿ. ಕಲ್ಕತ್ತದ್ದು ಇನ್ನೂ ಹಳೇದು, 1829ರದು. ಆದರೆ 1876 ಅಂದ ಕೂಡಲೇ ನನ್ನ ತಲೆಗೆ ಬಂದಿದ್ದು ಧಾತು ಸಂವತ್ಸರದ ಬರ. ಅದೇ ವರ್ಷ ಮಳೆ ಕೈಕೊಟ್ಟು ಮೈಸೂರು ಸೀಮೆ ಸುಟ್ಟುಹೋಯಿತು, ನಮ್ಮ ಚಿತ್ರದುರ್ಗದ ಕಡೆಯೂ ಸೇರಿ. ಆಗ ಆಳುತ್ತಿದ್ದವರು ಬ್ರಿಟಿಷ್ ಕಮಿಷನರ್‌ಗಳು. ಜನ ಗಂಜಿಗೆ ಸಾಲು ನಿಂತ ಕಾಲದಲ್ಲಿ ಇಲ್ಲಿ ಚೆಂಡಿಗೆ ಕುಳಿ ತೋಡಿದ್ದಾರೆ! ಹುಲ್ಲಿನ ಮೇಲೆ ಕಾಲಿಡುವಾಗ ಒಂಥರಾ ಆಯಿತು. ಮಾವನ ಸಾಹೇಬರಿಗೆ ಹೇಳಲಿಲ್ಲ, ಕ್ಯಾಡಿಗೆ ಹೇಳಿದೆ. ಅವರು "ಹೌದಾ ಸಾರ್" ಅಂತ ಬ್ಯಾಗ್ ಎತ್ತಿಕೊಂಡು ಮುಂದೆ ನಡೆದರು.

ಮೂರು ಗಂಟೆಗೆ ಹೋಗಬೇಡಿ, ಬಿಸಿಲು. ಬೆಳಗ್ಗೆಯೇ ಸರಿ. ಟೀ-ಶರ್ಟ್ ಈಗ ನನ್ನ ತಮ್ಮನ ಹತ್ರ ಇದೆ. ಹೋಗುವವರು ಯಾರಾದರೂ ಇದ್ದರೆ ಇಸ್ಕೊಂಡು ಕೊಡ್ತೀನಿ. ಎಕ್ಸೆಲ್ ಸೈಜು.